ಧ್ರುವದ ಹಿಮದ ಮೇಲೆ ಪಾದರಸ

ಒಂದು ಕಡೆ ನಿಲ್ಲದ ಹುಡುಗನನ್ನು ಕಂಡರೆ 'ಪಾದರಸದಂಥವನು' ಎನ್ನುವುದು ನಮ್ಮಲ್ಲಿ ರೂಢಿ. ಆ ಮಾತಿನ ಸತ್ಯವನ್ನು ನಾನು ಕಣ್ಣಾರೆ ಕಂಡದ್ದು ಹತ್ತನೆಯ ವಯಸ್ಸಿನಲ್ಲಿ. ಜ್ವರ ನೋಡುವ ಥರ್ಮಾಮೀಟರನ್ನು ಕೊಡವಲು ಹೋಗಿ ಮಂಚದ ಕಾಲಿಗೆ ಬಡಿದೆ. ಗಾಜು ಒಡೆಯಿತು, ಬೆಳ್ಳಿಯಂಥ ಹನಿಗಳು ಗಾರೆಯ ನೆಲದ ಮೇಲೆ ಉರುಳಿದುವು. ಬೆರಳಿಟ್ಟರೆ ಒಂದು ಎರಡಾಯಿತು, ಎರಡು ನಾಲ್ಕಾಯಿತು. ಅಜ್ಜಿ ಬಂದು ಕೈಗೊಂದು ಏಟು ಕೊಟ್ಟು, ಸಿಕ್ಕಷ್ಟನ್ನು ಕಾಗದದ ಚೂರಿನಿಂದ ಒಟ್ಟುಮಾಡಿ ಹಿತ್ತಿಲಿಗೆ ಎಸೆದಳು. ನೆಲದ ಬಿರುಕಿಗೆ ಇಳಿದ ಹನಿ ಮಾತ್ರ ಕೈಗೆ ಬರಲಿಲ್ಲ. "ಅದು ಎಲ್ಲಿ ಹೋಯಿತಜ್ಜಿ?" ಎಂದು ಕೇಳಿದೆ. "ಎಲ್ಲಿಗೆ ಹೋಗತ್ತೋ? ಅಲ್ಲೇ ಬಿದ್ದಿರತ್ತೆ" ಎಂದಳು.

ಅಜ್ಜಿಯ ಮಾತು ಸರಿಯಲ್ಲವೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಪಾದರಸ ಬಿದ್ದಲ್ಲಿ ಬಿದ್ದಿರುವ ವಸ್ತುವಲ್ಲ. ನೀರಿನಂತೆ ಅದೂ ಸದ್ದಿಲ್ಲದೆ ಆವಿಯಾಗುತ್ತದೆ. ಆವಿಯಾದದ್ದು ಆರು ತಿಂಗಳಿನಿಂದ ಒಂದು ವರ್ಷದವರೆಗೂ ಗಾಳಿಯಲ್ಲಿ ಉಳಿಯಬಲ್ಲದು. ಅಷ್ಟು ಕಾಲದಲ್ಲಿ ಭೂಮಂಡಲವನ್ನೇ ಸುತ್ತಿ ಬರಬಲ್ಲದು. ಹೀಗೆ ಸುತ್ತುವುದರಲ್ಲಿ ಒಂದಂಶ ಉತ್ತರ ಧ್ರುವದ ಹಿಮದ ಮೇಲೆ ಇಳಿಯುತ್ತದೆ; ಇಳಿದದ್ದರಲ್ಲಿ ಬಹಳಷ್ಟು ಮತ್ತೆ ಏಳುತ್ತದೆ. ಈ ಇಳಿತ ಏರಿತಗಳನ್ನು ಮನುಷ್ಯ ಕಂಡುಕೊಂಡ ಕಥೆಯನ್ನು ವಾಚಕರ ಮುಂದಿಡಬೇಕೆಂದು ಈ ಬರಹ. ಕಥೆಯ ಕೊನೆ ಅಷ್ಟು ಹಿತವಾದುದಲ್ಲ. ಆದರೆ ಅದನ್ನು ಕೇಳದಿರುವುದಕ್ಕೂ ಆಗದು.

ಉಷ್ಣಮಾಪಕ ಹೇಳಿದ ಸುಳ್ಳು

ಹಿಮಕ್ಕೂ ಪಾದರಸಕ್ಕೂ ಮೊದಲ ಭೇಟಿಯಾದದ್ದು ಉಷ್ಣಮಾಪಕದ ಮೂಲಕ. ಹದಿನೆಂಟನೆಯ ಶತಮಾನದ ಆದಿಯವರೆಗೂ ಪಾದರಸವೆಂಬುದು ಹುಟ್ಟಾ ದ್ರವ, ಅದು ಎಂದಿಗೂ ಹೆಪ್ಪುಗಟ್ಟದು ಎಂಬುದೇ ಪಂಡಿತರ ನಂಬಿಕೆಯಾಗಿತ್ತು. ರಷ್ಯದ ಚಕ್ರವರ್ತಿನಿಯ ಕಾಲದಲ್ಲಿ ಸೈಬೀರಿಯವನ್ನು ಶೋಧಿಸಲು ಹೊರಟ ತಂಡದಲ್ಲಿ ಯೋಹಾನ್ ಗ್ಮೆಲಿನ್ ಎಂಬ ಜರ್ಮನ್ ವಿದ್ವಾಂಸನಿದ್ದ. 1734-35ರ ಚಳಿಗಾಲದಲ್ಲಿ ಆತ ಯೆನಿಸೇ ನದಿಯ ದಡದ ಯೆನಿಸೇಸ್ಕ್ ಎಂಬ ಊರಿನಲ್ಲಿ ತಂಗಿದ್ದ. ಅಲ್ಲಿ ಆತನ ಉಷ್ಣಮಾಪಕದ ಪಾದರಸ ಇಳಿಯಿತು, ಇನ್ನೂ ಇಳಿಯಿತು, ಫ್ಯಾರನ್‌ಹೀಟ್ ಮಾನದಲ್ಲಿ ಸೊನ್ನೆಗಿಂತ 120 ಡಿಗ್ರಿ ಕೆಳಕ್ಕೆ ಹೋಯಿತು. ಸೆಂಟಿಗ್ರೇಡಿನಲ್ಲಿ ಹೇಳುವುದಾದರೆ ಸೊನ್ನೆಗಿಂತ ಸುಮಾರು 84 ಡಿಗ್ರಿ ಕೆಳಗೆ. ಯೆನಿಸೇಸ್ಕ್ ಎಷ್ಟೇ ಚಳಿಯ ಊರಾದರೂ ಅಲ್ಲಿ ಅಂಥ ಚಳಿ ಬೀಳದು. ಗ್ಮೆಲಿನ್ ಉಪಕರಣವನ್ನು ನಂಬಿದ, ಅಂಕಿಯನ್ನು ಬರೆದಿಟ್ಟ, ಯೂರೋಪು ಅದನ್ನು ಓದಿ ನಡುಗಿತು.

ನಿಜವಾಗಿ ಆದದ್ದೇ ಬೇರೆ. ಸೊನ್ನೆಗಿಂತ 39 ಡಿಗ್ರಿ ಕೆಳಗೆ ಪಾದರಸ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಒಮ್ಮೆಲೇ ಕುಗ್ಗುತ್ತದೆ. ಕುಗ್ಗಿದ ಪಾದರಸ ಕೊಳವೆಯಿಂದ ಬುರುಡೆಯೊಳಕ್ಕೆ ಸರಿದುಹೋಗಿತ್ತು. ಚಳಿಯನ್ನು ಅಳೆಯಬೇಕಾದ ವಸ್ತು ತಾನೇ ಚಳಿಗೆ ಮರಗಟ್ಟಿ ಕುಳಿತಿತ್ತು!

ಇದು ತಿಳಿಯಲು ಇನ್ನೂ ಕಾಲು ಶತಮಾನ ಬೇಕಾಯಿತು. 1759ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಡು ಚಳಿ ಬಿದ್ದಾಗ ಅಲ್ಲಿನ ಅಕಾಡೆಮಿಯ ಪ್ರೊಫೆಸರ್ ಬ್ರೌನ್ ಎಂಬಾತ ಹಿಮವನ್ನೂ ನೈಟ್ರಿಕ್ ಆಮ್ಲವನ್ನೂ ಕಲಸಿ, ಅದರಲ್ಲಿ ಉಷ್ಣಮಾಪಕವನ್ನು ಹೂತಿಟ್ಟ. ಗಾಜನ್ನು ಒಡೆದು ನೋಡಿದರೆ ಒಳಗೆ ಬೆಳ್ಳಿಯಂತೆ ಹೊಳೆಯುವ ಗಟ್ಟಿ ಗುಂಡು. ಸುತ್ತಿಗೆಯಿಂದ ಬಡಿದರೆ ಸೀಸದಂತೆ ಚಪ್ಪಟೆಯಾಯಿತು. ಪಾದರಸವೂ ಉಳಿದ ಲೋಹಗಳಂತೆ ಒಂದು ಲೋಹವೆಂಬುದು ಅಂದು ಪ್ರತ್ಯಕ್ಷವಾಯಿತು. ಆದರೆ ಅದು ಹೆಪ್ಪುಗಟ್ಟುವ ಅಂಶ ಎಷ್ಟೆಂಬುದು ಇನ್ನೂ ಗೊಂದಲವಾಗಿಯೇ ಇತ್ತು. ಲಂಡನ್ನಿನ ಹೆನ್ರಿ ಕ್ಯಾವೆಂಡಿಷ್ ಒಂದು ಸರಳವಾದ ಉಪಾಯ ಹೂಡಿದ: ಪಾದರಸ ತುಂಬಿದ ಪಾತ್ರೆಯಲ್ಲಿ ಚಿಕ್ಕ ಉಷ್ಣಮಾಪಕವನ್ನಿಟ್ಟು, ಪಾತ್ರೆಯ ಪಾದರಸ ಅರ್ಧ ಗಟ್ಟಿ ಅರ್ಧ ನೀರಾಗಿರುವಾಗ ಓದಬೇಕು. ಕೆನಡದ ಹಡ್ಸನ್ ಕೊಲ್ಲಿಯ ಆಲ್ಬನಿ ಕೋಟೆಯಲ್ಲಿದ್ದ ಥಾಮಸ್ ಹಚಿನ್ಸ್ 1781-82ರ ಚಳಿಗಾಲದಲ್ಲಿ ಆ ಪ್ರಯೋಗವನ್ನು ಮಾಡಿ ತೋರಿಸಿದ. ಸೊನ್ನೆಗಿಂತ ಸುಮಾರು 39 ಡಿಗ್ರಿ ಕೆಳಗೆ ಎಂಬ ಲೆಕ್ಕ ಗಟ್ಟಿಯಾಯಿತು. ಗ್ಮೆಲಿನ್ ಬರೆದ ಅಂಕಿ ಹೀಗೆ ಅರ್ಧ ಶತಮಾನದ ತರುವಾಯ ಸುಳ್ಳಾಯಿತು.

ಅಲ್ಲಿಂದ ಮುಂದೆ ಧ್ರುವಯಾತ್ರಿಕರೆಲ್ಲ ಮದ್ಯಸಾರದ ಉಷ್ಣಮಾಪಕಗಳನ್ನು ಜೊತೆಗೆ ಒಯ್ಯತೊಡಗಿದರು. 1875ರಲ್ಲಿ ಜಾರ್ಜ್ ನೇರ್ಸ್ ಎಂಬ ಬ್ರಿಟಿಷ್ ನೌಕಾಧಿಕಾರಿ 'ಅಲರ್ಟ್' ಎಂಬ ಹಡಗಿನಲ್ಲಿ ಎಲ್ಸ್‌ಮಿಯರ್ ದ್ವೀಪದ ಉತ್ತರ ತುದಿಗೆ ಹೋಗಿ ಮಂಜುಗಡ್ಡೆಯ ನಡುವೆ ಇಡೀ ಚಳಿಗಾಲವನ್ನು ಕಳೆದ. ಅವನ ಜನ ಕಂಡ ಚಳಿ ಪಾದರಸದ ಹೆಪ್ಪುಗಟ್ಟುವ ಅಂಶಕ್ಕಿಂತ ಬಹಳ ಕೆಳಗಿನದು. ಆ ಹಡಗಿನ ಹೆಸರೇ ಇಂದು ಅಲ್ಲಿನ ಒಂದು ಚಿಕ್ಕ ನೆಲೆಗೆ ನಿಂತಿದೆ. ನಮ್ಮ ಕಥೆಯ ಎರಡನೆಯ ಅಂಕ ನಡೆಯುವುದು ಈ ಅಲರ್ಟಿನಲ್ಲಿಯೇ.

ಅಲರ್ಟಿನ ವಸಂತ

ಅಲರ್ಟ್ ಉತ್ತರ ಧ್ರುವದಿಂದ ಸುಮಾರು 800 ಕಿಲೋಮೀಟರು ದೂರ. ಅಕ್ಟೋಬರ್ ಮಧ್ಯದಲ್ಲಿ ಮುಳುಗಿದ ಸೂರ್ಯ ಅಲ್ಲಿ ಮತ್ತೆ ಮುಖ ತೋರುವುದು ಫೆಬ್ರವರಿಯ ಕೊನೆಗೆ. ಹೊಗೆ ಕಾರುವ ಕಾರ್ಖಾನೆಯಿಲ್ಲ, ಊರಿಲ್ಲ. ಲೋಕದ ಗಾಳಿ ಎಷ್ಟು ನಿರ್ಮಲವೆಂದು ನೋಡಲು ಅದಕ್ಕಿಂತ ತಕ್ಕ ಜಾಗ ಸಿಕ್ಕದು. ಕೆನಡ ಸರ್ಕಾರದ ಪರಿಸರ ಇಲಾಖೆಯ ಬಿಲ್ ಶ್ರೋಡರ್ ಮತ್ತು ಅವರ ಸಂಗಡಿಗರು 1995ರಲ್ಲಿ ಅಲ್ಲಿ ಗಾಳಿಯ ಪಾದರಸವನ್ನು ಎಡೆಬಿಡದೆ ಅಳೆಯತೊಡಗಿದರು.

ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬಹುದು. ಅಷ್ಟು ಚಳಿಯಲ್ಲಿ ಪಾದರಸ ಹೆಪ್ಪುಗಟ್ಟಿ ಬೀಳಬೇಕಲ್ಲವೆ? ಬೀಳದು. ಗಾಳಿಯಲ್ಲಿರುವುದು ಹನಿಯಲ್ಲ, ಒಂಟಿ ಒಂಟಿ ಪರಮಾಣುಗಳು. ಒಂದು ಘನಮೀಟರು ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಒಂದೂವರೆ ನ್ಯಾನೊಗ್ರಾಂ. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಲೆಕ್ಕ ಹಾಕಿ ನೋಡಿದೆ: ನಾನು ಒಡೆದ ಥರ್ಮಾಮೀಟರಿನಲ್ಲಿ ಒಂದು ಗ್ರಾಂ ಪಾದರಸ ಇದ್ದಿತೆಂದು ಇಟ್ಟುಕೊಂಡರೆ, ಅದು ಉದ್ದ, ಅಗಲ, ಎತ್ತರ ಮೂರೂ ಸುಮಾರು 870 ಮೀಟರು ಇರುವ ಗಾಳಿಯ ಪೆಟ್ಟಿಗೆಗೆ ಸಾಕಾಗುತ್ತದೆ. ಇಷ್ಟು ವಿರಳವಾಗಿರುವ ಪರಮಾಣುಗಳು ಒಂದನ್ನೊಂದು ಕೂಡಿಕೊಂಡು ಹನಿಯಾಗುವ ಮಾತೇ ಇಲ್ಲ.

ಇಷ್ಟು ಅಲ್ಪವನ್ನು ಹಿಡಿಯುವುದಾದರೂ ಹೇಗೆ? ಚಿನ್ನದಿಂದ. ಗಾಳಿಯನ್ನು ಚಿನ್ನದ ಮೇಲೆ ಹಾಯಿಸುತ್ತಾರೆ. ಪಾದರಸ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಚಿನ್ನವನ್ನು ಕಾಯಿಸಿ, ಹೊರಬಿದ್ದ ಪಾದರಸದ ಮೇಲೆ ಅತಿನೇರಳೆ ಬೆಳಕನ್ನು ಬಿಟ್ಟು, ಅದು ಮರಳಿ ಸೂಸುವ ಮಿನುಗಿನಿಂದ ಪ್ರಮಾಣವನ್ನು ತಿಳಿಯುತ್ತಾರೆ. ಗಣಿಯವನು ಪಾದರಸವೊಡ್ಡಿ ಚಿನ್ನ ಹಿಡಿಯುತ್ತಾನೆ. ವಿಜ್ಞಾನಿ ಚಿನ್ನವೊಡ್ಡಿ ಪಾದರಸ ಹಿಡಿಯುತ್ತಾನೆ. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ, ನೆನಪಿರಲಿ.

ಚಳಿಗಾಲದ ಕತ್ತಲೆಯಲ್ಲಿ ಅಲರ್ಟಿನ ಅಂಕಿಗಳು ಎಲ್ಲ ಕಡೆಯಂತೆಯೇ ಇದ್ದುವು. ಸೂರ್ಯ ಮೂಡಿದ ಮೇಲೆ ಎಲ್ಲವೂ ತಲೆಕೆಳಗಾಯಿತು. ಪಾದರಸ ಕೆಲವು ಗಂಟೆಗಳಲ್ಲಿ ಥಟ್ಟನೆ ಇಳಿದು ಸೊನ್ನೆಯ ಹತ್ತಿರಕ್ಕೆ ಬರುತ್ತಿತ್ತು, ಕೆಲವು ದಿನಗಳಾದ ಮೇಲೆ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಸುಮಾರು ಮೂರು ತಿಂಗಳು, ಹಿಮ ಕರಗುವವರೆಗೂ ಈ ಆಟ ನಡೆಯಿತು. ಮರುವರ್ಷ ವಸಂತದಲ್ಲಿ ಮತ್ತೆ ಅದೇ ಆಟ. ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಬಲ್ಲ ಲೋಹ ಗಂಟೆಗಳಲ್ಲಿ ಮಾಯವಾಗುವುದೆಂದರೇನು? ಗ್ಮೆಲಿನ್ನನ ಕಾಲದಲ್ಲಿ ಪಾದರಸ ಇಳಿದಾಗ ಉಪಕರಣ ಸುಳ್ಳು ಹೇಳಿತ್ತು. ಈ ಸಲ ಹೇಳಿದ್ದು ಸುಳ್ಳಲ್ಲ. ಶ್ರೋಡರ್ ತಂಡದವರು 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿಷಯವನ್ನು ಪ್ರಕಟಿಸಿದರು.

ಬ್ರೋಮೀನಿನ ಕೈವಾಡ

ಸುಳಿವು ಇನ್ನೊಂದು ಅನಿಲದಲ್ಲಿತ್ತು. ಧ್ರುವದ ವಸಂತದಲ್ಲಿ ನೆಲಮಟ್ಟದ ಓಜೋನ್ ಥಟ್ಟನೆ ಕಾಣೆಯಾಗುತ್ತದೆಂಬುದು 1980ರ ದಶಕದಲ್ಲಿಯೇ ತಿಳಿದಿತ್ತು. (ಇದು ಆಕಾಶದ ಮೇಲ್ಪದರದ ಓಜೋನ್ ರಂಧ್ರದ ಮಾತಲ್ಲ, ನಮ್ಮ ಮೂಗಿನ ಮಟ್ಟದ ಗಾಳಿಯ ಮಾತು.) ಪಾದರಸದ ಗೆರೆಯನ್ನೂ ಓಜೋನಿನ ಗೆರೆಯನ್ನೂ ಒಂದೇ ಕಾಗದದ ಮೇಲೆ ಎಳೆದರೆ ಎರಡೂ ಜೊತೆಯಾಗಿ ಇಳಿದುವು, ಜೊತೆಯಾಗಿ ಏರಿದುವು. ಎರಡು ಮನೆಗೆ ಕನ್ನ ಹಾಕಿದ ಕಳ್ಳ ಒಬ್ಬನೇ ಎಂದಾಯಿತು.

ಆ ಕಳ್ಳನ ಹೆಸರು ಬ್ರೋಮೀನ್. ಫ್ರಾನ್ಸಿನ ಬಲಾರ್ ಎಂಬ ಯುವಕ 1826ರಲ್ಲಿ ಉಪ್ಪಿನ ಮಳಿಯ ಉಳಿಕೆ ನೀರಿನಿಂದ ತೆಗೆದ ಕಟು ನಾತದ ಮೂಲವಸ್ತು ಅದು. ಹೆಸರಿನ ಅರ್ಥವೇ 'ದುರ್ನಾತ'. ಸಮುದ್ರದ ಉಪ್ಪಿನಲ್ಲೆಲ್ಲ ಅದರ ಅಂಶವುಂಟು. ಧ್ರುವಸಮುದ್ರ ಹೆಪ್ಪುಗಟ್ಟುವಾಗ ಉಪ್ಪು ಮಂಜುಗಡ್ಡೆಯ ಮೇಲೂ ಹಿಮದ ಮೇಲೂ ಕೂಡಿಕೊಳ್ಳುತ್ತದೆ. ಇಡೀ ಚಳಿಗಾಲ ಸುಮ್ಮನೆ ಮಲಗಿದ್ದ ಬ್ರೋಮೀನನ್ನು ವಸಂತದ ಮೊದಲ ಬಿಸಿಲು ಎಬ್ಬಿಸುತ್ತದೆ. ಎದ್ದ ಒಂದು ಕಣ ಹಿಮದ ಉಪ್ಪಿನಿಂದ ಇನ್ನೊಂದನ್ನು ಎಬ್ಬಿಸುತ್ತದೆ, ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ವಿಜ್ಞಾನಿಗಳು ಇದಕ್ಕೆ ಬ್ರೋಮೀನ್ ಸ್ಫೋಟವೆಂದೇ ಹೆಸರಿಟ್ಟಿದ್ದಾರೆ. ಸಮುದ್ರದ ಮಂಜಿನ ಮೇಲೆ ಹರಡಿದ ಈ ಬ್ರೋಮೀನ್ ಮೋಡಗಳನ್ನು 1990ರ ದಶಕದಲ್ಲಿ ಉಪಗ್ರಹಗಳೂ ಕಂಡುವು.

ಬ್ರೋಮೀನ್ ಓಜೋನನ್ನು ಮುರಿಯುತ್ತದೆ, ಪಾದರಸವನ್ನು ಕೂಡಿಕೊಳ್ಳುತ್ತದೆ. ಒಂಟಿಯಾಗಿದ್ದ ಪಾದರಸ ಎದುರಿಗೆ ಸಿಕ್ಕ ವಸ್ತುವಿಗೆ ಅಂಟುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದಲೇ ಅಷ್ಟು ದೂರ ಅಲೆಯುತ್ತದೆ. ಬ್ರೋಮೀನಿನ ಕೈಹಿಡಿದ ಮೇಲೆ ಅದರ ಸ್ವಭಾವವೇ ಬದಲಾಗುತ್ತದೆ. ಧೂಳಿಗೆ ಅಂಟುತ್ತದೆ, ಹಿಮದ ಹರಳಿಗೆ ಅಂಟುತ್ತದೆ, ನೆಲಕ್ಕಿಳಿಯುತ್ತದೆ. ಅಲಾಸ್ಕದ ಬ್ಯಾರೋ ಎಂಬಲ್ಲಿ ಸ್ಟೀವ್ ಲಿಂಡ್‌ಬರ್ಗ್ ಮತ್ತು ಸಂಗಡಿಗರು ಗಾಳಿಯ ಜೊತೆಗೆ ಹಿಮವನ್ನೂ ಪರೀಕ್ಷಿಸಿ, ಗಾಳಿಯಿಂದ ತಪ್ಪಿಹೋದ ಪಾದರಸ ಹಿಮದಲ್ಲಿ ಏರುತ್ತಿದೆಯೆಂದು 2002ರಲ್ಲಿ ತೋರಿಸಿದರು. ಅದೇ ಸುಮಾರಿಗೆ ಗ್ರೀನ್‌ಲೆಂಡಿನಿಂದಲೂ, ಸ್ವಾಲ್‌ಬಾರ್ಡಿನಿಂದಲೂ, ದಕ್ಷಿಣ ಧ್ರುವಖಂಡದ ನೊಯ್‌ಮಯರ್ ನೆಲೆಯಿಂದಲೂ ಇದೇ ವಾರ್ತೆ ಬಂತು. ಸ್ವಾಲ್‌ಬಾರ್ಡಿನಲ್ಲಿ ಅಳತೆ ನಡೆದದ್ದು ನಿ-ಓಲೆಸುಂಡ್ ಎಂಬ ಪುಟ್ಟ ಹಳ್ಳಿಯಲ್ಲಿ; ಭಾರತ 2008ರಲ್ಲಿ ತನ್ನ 'ಹಿಮಾದ್ರಿ' ಸಂಶೋಧನಾಲಯವನ್ನು ತೆರೆದುದೂ ಆ ಹಳ್ಳಿಯಲ್ಲಿಯೇ.

ಇಳಿದದ್ದು ಮತ್ತು ಎದ್ದದ್ದು

ಇಳಿದ ಪಾದರಸವೆಲ್ಲ ಹಿಮದಲ್ಲಿ ಉಳಿದರೆ ಧ್ರುವದ ಗತಿಯೇನು ಎಂದು ಮೊದಮೊದಲು ದೊಡ್ಡ ದಿಗಿಲಾಯಿತು. ಆದರೆ ಪಾದರಸ ತನ್ನ ಹೆಸರನ್ನು ಉಳಿಸಿಕೊಂಡಿತು. ಅದನ್ನು ಕೆಳಗಿಳಿಸಿದ ಸೂರ್ಯನೇ ಅದನ್ನು ಮೇಲೆಬ್ಬಿಸುವವನೂ ಹೌದು. ಹಿಮವೆಂದರೆ ಮುಚ್ಚಿದ ಗೋಡೆಯಲ್ಲ. ಹರಳು ಹರಳುಗಳ ನಡುವೆ ಗಾಳಿಯಾಡುವ ಅರಳೆ ಅದು. ಬಿಸಿಲು ಮೇಲಿನ ಪದರಗಳೊಳಕ್ಕೆ ಇಳಿದು, ಬ್ರೋಮೀನಿನಿಂದ ಪಾದರಸವನ್ನು ಬಿಡಿಸುತ್ತದೆ. ಬಿಡುಗಡೆಯಾದದ್ದು ಮತ್ತೆ ಆವಿಯಾಗಿ ಗಾಳಿಗೆ ಸೇರುತ್ತದೆ. ಬಹುಪಾಲು ಒಂದೆರಡು ದಿನಗಳಲ್ಲಿಯೇ ಹೀಗೆ ಮರಳುತ್ತದೆ. ಧ್ರುವಕ್ಕೆ ಬಹು ದೂರದ ಕೆನಡದ ತೆಂಕಣ ಹಿಮದಲ್ಲಿ ಕೂಡ ಹೊಸದಾಗಿ ಬಿದ್ದ ಪಾದರಸದಲ್ಲಿ ಸುಮಾರು ಅರ್ಧ ಒಂದು ದಿನದೊಳಗೆ ಕಡಿಮೆಯಾದುದನ್ನು ಅಳೆದಿದ್ದಾರೆ.

ಹೀಗೆ ನೋಡಿದರೆ ವಸಂತದಲ್ಲಿ ಹಿಮವೂ ಆಕಾಶವೂ ಪಾದರಸವನ್ನು ಒಬ್ಬರಿಗೊಬ್ಬರು ಕೈಬದಲು ಮಾಡುತ್ತಿರುತ್ತವೆ. ಲೆಕ್ಕ ಅಷ್ಟಕ್ಕೇ ಚುಕ್ತವಾದರೆ ನಾವು ನಿಶ್ಚಿಂತರಾಗಿರಬಹುದಾಗಿತ್ತು. ಆಗುವುದಿಲ್ಲ. ಹೊಸ ಹಿಮ ಬಿದ್ದು ಮುಚ್ಚಿಕೊಂಡದ್ದು ಬಿಸಿಲಿಗೆ ಸಿಕ್ಕದೆ ಉಳಿಯುತ್ತದೆ. ಸಮುದ್ರದ ಮಂಜಿನ ಮೇಲಿನ ಉಪ್ಪುಹಿಮ ಪಾದರಸವನ್ನು ಇನ್ನೂ ಬಿಗಿಯಾಗಿ ಹಿಡಿದಿಡುತ್ತದೆ. ಬೇಸಗೆಯಲ್ಲಿ ಹಿಮ ಕರಗಿದಾಗ ಆ ಉಳಿಕೆ ತೊರೆ, ಕೆರೆ, ಸಮುದ್ರಗಳಿಗೆ ಹರಿಯುತ್ತದೆ.

ಹಿಮವೊಂದೇ ದಾರಿಯೂ ಅಲ್ಲವೆಂದು ಆಮೇಲೆ ತಿಳಿದುಬಂತು. ಅಲಾಸ್ಕದ ಟೂಲಿಕ್ ಸರೋವರದ ಬಳಿ ಡೇನಿಯಲ್ ಓಬ್ರಿಸ್ಟ್ ಮತ್ತು ಸಂಗಡಿಗರು ಅಳೆದು 2017ರಲ್ಲಿ ಪ್ರಕಟಿಸಿದಂತೆ, ಅಲ್ಲಿನ ಟಂಡ್ರಾ ನೆಲಕ್ಕೆ ಸೇರುವ ಪಾದರಸದಲ್ಲಿ ಸುಮಾರು 70 ಪಾಲು ಬರುವುದು ಸಸ್ಯಗಳು ಗಾಳಿಯಿಂದ ನೇರವಾಗಿ ಹೀರಿದ ಆವಿಯಿಂದ. ಪಾಚಿ, ಕುರುಚಲು ಗಿಡ ಉಸಿರಾಡುತ್ತಲೇ ಅದನ್ನು ಒಳಗೆ ಎಳೆದುಕೊಂಡು, ಸತ್ತು ಕೊಳೆತು ನೆಲಕ್ಕೆ ಕೊಡುತ್ತವೆ. ನೆಲದಿಂದ ಅದು ನದಿಗಳಿಗೆ ಹೋಗುತ್ತದೆ.

ಹಳೆಯ ಲೆಕ್ಕ

ಈ ಪಾದರಸ ಗಾಳಿಗೆ ಬಂದದ್ದೆಲ್ಲಿಂದ? ಅಗ್ನಿಪರ್ವತಗಳಿಂದ ಅಷ್ಟಿಷ್ಟು ಎಂದೂ ಬರುತ್ತಿದ್ದುದೇ. ಅಮೆರಿಕದ ವಯೋಮಿಂಗ್ ಪ್ರಾಂತದ ಒಂದು ಹಿಮನದಿಯನ್ನು ಕೊರೆದು ತೆಗೆದ ಮಂಜಿನಲ್ಲಿ 270 ವರ್ಷಗಳ ಪಾದರಸದ ಲೆಕ್ಕವನ್ನು ಓದಿ 2002ರಲ್ಲಿ ಪ್ರಕಟಿಸಿದರು. 1815ರ ತಂಬೋರಾ, 1883ರ ಕ್ರಕಟೋವಾ ಸ್ಫೋಟಗಳು ಅದರಲ್ಲಿ ಗುರುತು ಬಿಟ್ಟಿದ್ದುವು. ಆದರೆ ಅಗ್ನಿಪರ್ವತದ ಗುರುತು ಬೇಗ ಅಳಿಯುತ್ತದೆ. ಕ್ಯಾಲಿಫೋರ್ನಿಯದ ಚಿನ್ನದ ಹುಚ್ಚಿನ ಗುರುತು ದಶಕಗಟ್ಟಲೆ ಉಳಿದಿತ್ತು; ಇಪ್ಪತ್ತನೆಯ ಶತಮಾನದ ಕಾರ್ಖಾನೆಗಳ ಗುರುತು ಎಲ್ಲಕ್ಕಿಂತ ದೊಡ್ಡದಾಗಿತ್ತು.

ಚಿನ್ನ ಬೆಳ್ಳಿಗಳ ಆಸೆಯೇ ಪಾದರಸವನ್ನು ಭೂಗರ್ಭದಿಂದ ಹೊರಗೆಳೆದದ್ದು. ಸ್ಪೇನಿನ ಅಲ್ಮಡೆನ್ ಗಣಿಯಿಂದ ಸುಮಾರು ಎರಡು ಸಾವಿರ ವರ್ಷ ಅದನ್ನು ತೆಗೆದರು. 1554ರಲ್ಲಿ ಮೆಕ್ಸಿಕೋದ ಪಚೂಕದಲ್ಲಿ ಬಾರ್ತೊಲೊಮೆ ದೆ ಮೆದೀನಾ ಎಂಬಾತ ಅದುರಿನಿಂದ ಬೆಳ್ಳಿಯನ್ನು ಪಾದರಸದಿಂದ ಬಿಡಿಸುವ ವಿಧಾನವನ್ನು ಆರಂಭಿಸಿದ ಮೇಲೆ ಅದು ಹಡಗು ಹಡಗುಗಳಲ್ಲಿ ಸಮುದ್ರ ದಾಟಿತು. ನಮ್ಮ ಕೋಲಾರದ ಗಣಿಗಳಲ್ಲಿಯೂ ಅದುರಿನ ಪುಡಿಯನ್ನು ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಸಿ ಚಿನ್ನ ಹಿಡಿಯುವ ಪದ್ಧತಿ ಇತ್ತು. ಚಿನ್ನ ಬೇರೆಯಾಗಬೇಕಾದರೆ ಪಾದರಸವನ್ನು ಕಾಯಿಸಿ ಆವಿಯಾಗಿಸಬೇಕು. ಇಂದಿಗೂ ಬಡ ದೇಶಗಳ ಸಣ್ಣ ಸಣ್ಣ ಚಿನ್ನದ ಗುಂಡಿಗಳ ಬಳಿ ಜನ ಬಾಣಲೆಯಲ್ಲಿಟ್ಟು ಕಾಯಿಸುವುದೂ ಹೀಗೆಯೇ. 2015ರಲ್ಲಿ ಮನುಷ್ಯ ಗಾಳಿಗೆ ಬಿಟ್ಟ ಪಾದರಸ ಸುಮಾರು 2,200 ಟನ್ನು. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಂದದ್ದು ಇಂಥ ಗುಂಡಿಗಳಿಂದ. ಐದನೆಯ ಒಂದು ಭಾಗದಷ್ಟು ಕಲ್ಲಿದ್ದಲನ್ನು ಸುಡುವುದರಿಂದ. ಕಲ್ಲಿದ್ದಲಲ್ಲಿ ಪಾದರಸದ ಲೇಶವಿದ್ದೇ ಇರುತ್ತದೆ. ರಾಯಚೂರಿನ ಶಕ್ತಿನಗರದ ಒಲೆ ಉರಿದಾಗ ನನ್ನ ಮನೆಯ ದೀಪ ಬೆಳಗುತ್ತದೆ. ಆ ಲೆಕ್ಕದಲ್ಲಿ ನನ್ನದೂ ಒಂದು ಬಿಡಿಕಾಸು ಸೇರಿದೆ.

ತೆರುವವರು ಯಾರು?

ನೀರಿಗಿಳಿದ ಪಾದರಸವನ್ನು ಸೂಕ್ಷ್ಮಜೀವಿಗಳು ಮಿಥೈಲ್ ಪಾದರಸವೆಂಬ ವಿಷವಾಗಿ ಮಾರ್ಪಡಿಸುತ್ತವೆ. ಅದು ಪಾಚಿಯಿಂದ ಹುಳಕ್ಕೆ, ಹುಳದಿಂದ ಮೀನಿಗೆ, ಮೀನಿನಿಂದ ಸೀಲ್ ಪ್ರಾಣಿಗೆ, ತಿಮಿಂಗಿಲಕ್ಕೆ, ಬಿಳಿ ಕರಡಿಗೆ ಏರುತ್ತ ಒಂದೊಂದು ಮೆಟ್ಟಿಲಿಗೂ ಹಲವು ಪಟ್ಟು ಹೆಚ್ಚುತ್ತದೆ. ಸೀಲನ್ನೂ ತಿಮಿಂಗಿಲವನ್ನೂ ಬೇಟೆಯಾಡಿ ಬದುಕುವವರು ಇನ್ಯುಯಿಟ್ ಜನ.

ಗ್ರೀನ್‌ಲೆಂಡಿನ ಕಿಲಾಕಿತ್ಸೋಕ್ ಎಂಬಲ್ಲಿ 1972ರಲ್ಲಿ ಇಬ್ಬರು ಸಹೋದರರು ಬೇಟೆಗೆ ಹೋದಾಗ ಬಂಡೆಯ ಕೆಳಗೆ ಎಂಟು ದೇಹಗಳನ್ನು ಕಂಡರು. ಆರು ಮಂದಿ ಹೆಂಗಸರು, ಇಬ್ಬರು ಮಕ್ಕಳು. ಚಳಿಗೂ ಒಣಹವೆಗೂ ಕೆಡದೆ, ತೊಟ್ಟ ಚರ್ಮದ ಉಡುಪಿನ ಸಮೇತ ಸುಮಾರು 1475ರಿಂದ ಮಲಗಿದ್ದವರು. ಚಿಕ್ಕ ಮಗುವಿಗೆ ಆರು ತಿಂಗಳಿರಬಹುದು. ಅವರ ಕೂದಲನ್ನು ಪರೀಕ್ಷಿಸಿದಾಗ ಪಾದರಸವಿತ್ತು. ಸಮುದ್ರದ ಊಟ ಉಣ್ಣುವವರಲ್ಲಿ ಅದು ಸ್ವಲ್ಪ ಇರುವುದೇ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅದೇ ಊಟ ಉಂಡ ಅವರ ವಂಶದವರ ಕೂದಲಲ್ಲಿ ಅದಕ್ಕಿಂತ ಕೆಲವು ಪಟ್ಟು ಹೆಚ್ಚಾಗಿತ್ತು. ಹಳೆಯ ಹಲ್ಲು, ಕೂದಲು, ಗರಿಗಳನ್ನು ಹೊಸವುಗಳೊಡನೆ ಹೋಲಿಸಿ 2009ರಲ್ಲಿ ವಿಜ್ಞಾನಿಗಳು ಹೇಳಿದ ಮಾತು ಇನ್ನೂ ಕಠಿನ: ಇಂದು ಆರ್ಕ್ಟಿಕ್ಕಿನ ದೊಡ್ಡ ಪ್ರಾಣಿಗಳ ಮೈಯಲ್ಲಿರುವ ಪಾದರಸದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮನುಷ್ಯನ ಕೊಡುಗೆ. ಏರಿಕೆ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಇದರಿಂದ ಕೆಡುಕೇನು? ಫಾರೋ ದ್ವೀಪಗಳಲ್ಲಿ ತಿಮಿಂಗಿಲದ ಮಾಂಸ ತಿನ್ನುವ ತಾಯಂದಿರಿಗೆ 1986-87ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಹಿಂಬಾಲಿಸಿ, ಏಳನೆಯ ವಯಸ್ಸಿನಲ್ಲಿ ಪರೀಕ್ಷಿಸಿದರು. ಗರ್ಭದಲ್ಲಿದ್ದಾಗ ಹೆಚ್ಚು ಪಾದರಸ ಉಂಡ ಮಕ್ಕಳು ಮಾತಿನಲ್ಲಿ, ನೆನಪಿನಲ್ಲಿ, ಗಮನದಲ್ಲಿ ಹಿಂದೆ ಬಿದ್ದಿದ್ದರು. ಹಾಗಾದರೆ ಬೇಟೆಯ ಊಟವನ್ನು ಬಿಡಿ ಎಂದು ಇನ್ಯುಯಿಟ್ ತಾಯಿಗೆ ಹೇಳುವುದು ಸುಲಭ. ಮರ ಬೆಳೆಯದ ಆ ನೆಲದಲ್ಲಿ ಬದಲಿಗೆ ಏನು ತಿನ್ನಬೇಕು? ತೆಂಕಣದಿಂದ ವಿಮಾನದಲ್ಲಿ ಬರುವ ಡಬ್ಬಿಯ ಆಹಾರ ದುಬಾರಿ. ಸತ್ತ್ವದಲ್ಲಿ ತಮ್ಮ ನೆಲದ ಆಹಾರಕ್ಕೆ ಸಾಟಿಯಲ್ಲ. ಬೇಟೆ ತಪ್ಪಿದರೆ ಹೊಟ್ಟೆಯೊಂದೇ ಅಲ್ಲ, ಹಂಚಿಕೊಂಡು ಉಣ್ಣುವ ಅವರ ಬಾಳಿನ ಕ್ರಮವೇ ತಪ್ಪುತ್ತದೆ. ಚಿನ್ನ ತೆಗೆದವರು ಅವರಲ್ಲ, ಕಲ್ಲಿದ್ದಲು ಸುಟ್ಟವರೂ ಅವರಲ್ಲ.

ಜಪಾನಿನ ಮಿನಾಮಾಟದಲ್ಲಿ ಕಾರ್ಖಾನೆಯ ಕೊಳಚೆಯಿಂದ ಪಾದರಸದ ರೋಗ ಹರಡಿದುದು ಬೆಳಕಿಗೆ ಬಂದದ್ದು 1956ರಲ್ಲಿ. ಆ ಊರಿನ ಹೆಸರಿನ ಒಪ್ಪಂದಕ್ಕೆ 2013ರಲ್ಲಿ ರಾಷ್ಟ್ರಗಳು ಸಮ್ಮತಿಸಿದುವು. 2017ರಲ್ಲಿ ಅದು ಜಾರಿಗೆ ಬಂತು. ಭಾರತ 2018ರಲ್ಲಿ ಸೇರಿತು. ಅದರ ಪೀಠಿಕೆಯಲ್ಲಿ ಆರ್ಕ್ಟಿಕ್ಕಿನ ಮೂಲನಿವಾಸಿಗಳ ಸಂಕಟದ ಪ್ರಸ್ತಾಪವುಂಟು. ಪಾದರಸದ ಥರ್ಮಾಮೀಟರುಗಳ ತಯಾರಿಕೆಯನ್ನು ನಿಲ್ಲಿಸಲು 2020ರ ಗಡುವನ್ನೂ ಹಾಕಿತು. ಒಳ್ಳೆಯದೇ ಆಯಿತು. ಆದರೆ ಶತಮಾನಗಳಿಂದ ಎದ್ದದ್ದೆಲ್ಲ ಇನ್ನೂ ಕುಳಿತಿಲ್ಲ. ಕಡಲಿನಿಂದ, ನೆಲದಿಂದ, ಹಿಮದಿಂದ ಮತ್ತೆ ಮತ್ತೆ ಏಳುತ್ತಲೇ ಇದೆ. ಗ್ಮೆಲಿನ್ ದಡದಲ್ಲಿ ಕುಳಿತು ತಪ್ಪು ಅಂಕಿ ಬರೆದುಕೊಂಡ ಆ ಯೆನಿಸೇ ನದಿಯೇ ಸೈಬೀರಿಯದ ನೆಲದ ಪಾದರಸವನ್ನು ಹೊತ್ತು ಇಂದು ಧ್ರುವಸಮುದ್ರಕ್ಕೆ ಸುರಿಯುತ್ತಿದೆ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಆ ಮನೆಯೂ ಈಗ ನಮ್ಮದಲ್ಲ. ಬಿರುಕಿಗೆ ಇಳಿದ ಹನಿಯಂತೂ ಅಲ್ಲಿ ಇರಲಾರದು. ಅದು ಎಂದೋ ಎದ್ದು ಕಿಟಕಿ ದಾಟಿ ಹೋಗಿದೆ. ಎಷ್ಟು ಸಲ ಯಾವ ಯಾವ ಹಿಮದ ಮೇಲೆ ಇಳಿದು ಎದ್ದಿತೋ, ಯಾರ ಮನೆಯ ಮಗುವಿನ ತುತ್ತಿಗೆ ಸೇರಿತೋ, ಹೇಳುವವರಿಲ್ಲ. ಅದನ್ನು ಒಡೆದವನು ನಾನೇ ಎಂಬುದು ಮಾತ್ರ ನಿಜ.